ಮದ್ದೂರು ಚೆಕ್‌ಪೋಸ್ಟಿನ ಪಾಠ

ಚಾಮರಾಜನಗರ
14 ಜೂನ್ 1998

ಪ್ರೀತಿಯ ನೀಲಾ,

ಕೊನೆಗೂ ನಮ್ಮ ಪುಟ ಇಂಟರ್‌ನೆಟ್ಟಿಗೆ ಏರಿತು ಕಣೇ! ‘ಕನ್ನಡದಲ್ಲಿ ಸಿ’ ಎಂದು ಹೆಸರಿಟ್ಟಿದ್ದೇನೆ. ಪಾಲಿಟೆಕ್ನಿಕ್ಕಿನಲ್ಲಿ ನಾವಿಬ್ಬರೂ ಆ ದಪ್ಪ ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು, ಅರ್ಥವಾಗದ ಸಾಲಿನ ಮೇಲೆ ಬೆರಳಿಟ್ಟು ಕೂರುತ್ತಿದ್ದೆವಲ್ಲ, ಹಾಗೆ ಇನ್ನು ಯಾರೂ ಕೂರಬಾರದು ಅಂತ ನೀನೇ ಹೇಳುತ್ತಿದ್ದೆ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕನ್ನಡದಲ್ಲಿ, ಏನೂ ಗೊತ್ತಿಲ್ಲದವರಿಗೆ ಹೇಳಿಕೊಡುವ ಪುಟ ಬೇರೆಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಕೆಲಸ ಮಾತ್ರ ಬೇಜಾರಿನದು. ಓದುವವರು ಮೊದಲು ಕನ್ನಡದ ಫಾಂಟ್ ಇಳಿಸಿಕೊಳ್ಳಬೇಕು, ಇಲ್ಲವಾದರೆ ತೆರೆಯ ತುಂಬ ಇರುವೆ ಹರಿದ ಹಾಗೆ ಏನೇನೋ ಗುರುತು. ವಿವರಣೆ ಒಂದು ಫಾಂಟಿನಲ್ಲಿ, ಪ್ರೋಗ್ರಾಮಿನ ಸಾಲು ಇನ್ನೊಂದರಲ್ಲಿ. ಬದಲಾಯಿಸಿ ಬದಲಾಯಿಸಿ ಕೈ ಸೋತಿದೆ. ಮನೆಯ ಫೋನಿನಿಂದಲೇ ಮೈಸೂರಿಗೆ ಎಸ್‌ಟಿಡಿ ಹಾಕಿ ಪುಟ ಏರಿಸುವಾಗ ಮಾವನವರು ಫೋನ್ ಎತ್ತಿಬಿಟ್ಟರೆ ಎಲ್ಲ ಕಟ್. ‘ಏನಮ್ಮ ಗೌರಿ, ಫೋನ್ ಎತ್ತಿದ್ರೆ ಬರೀ ಕುಂಯ್ ಕುಂಯ್ ಅಂತದೆ, ಯಾರ್ ಜೊತೇಲಿ ಮಾತಾಡ್ತದೆ ಅದು?’ ಅಂತ ಕೇಳುತ್ತಾರೆ. ಆದರೂ ಮನೆಯ ಮುಂದಿನ ಕೋಣೆಯನ್ನು ನನ್ನ ಕಂಪ್ಯೂಟರ್ ಸೆಂಟರಿಗೆ ಬಿಟ್ಟುಕೊಟ್ಟವರು ಅವರೇ. ವೃಷಭೇಂದ್ರಪ್ಪನವರ ಸೊಸೆ ಅನ್ನುವುದಕ್ಕೇ ಅರ್ಧ ಜನ ಸೇರುತ್ತಾರೆ.

ಮೊದಲ ಪಾಠಗಳನ್ನು ನಾನು ಬರೆದಿದ್ದೇನೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ‘ಲೂಪ್’ ಪಾಠ ನೀನು ಬರಿ. ಆ ಪೇಪರಿನಲ್ಲಿ ಒಮ್ಮೆ ಫೇಲಾದವಳು ನೀನು. ಎಲ್ಲಿ ಎಡವುತ್ತಾರೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ತಮಾಷೆಗೆ ಅಂದೆ, ಬೇಸರ ಮಾಡ್ಕೋಬೇಡ.

ನಿನ್ನ
ಗೌರಿ


ಗುಂಡ್ಲುಪೇಟೆ
5 ಜುಲೈ 1998

ಪ್ರೀತಿಯ ಗೌರಿ,

ಬೇಸರ ಏನಿಲ್ಲ. ಫೇಲಾದದ್ದು ನಿಜ ತಾನೆ.

ಪಾಠವನ್ನು ಫ್ಲಾಪಿಯಲ್ಲಿ ಹಾಕಿ ತೆರಕಣಾಂಬಿ ಮೇಲೆ ಬರುವ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟಿದ್ದೇನೆ. ನಿನಗೆ ಬಣ್ಣದ ಮಾನಿಟರ್, ಮನೆಯಲ್ಲೇ ಫೋನು. ನಮ್ಮ ಸೆಂಟರಿನಲ್ಲಿ ಎರಡೇ ಮಿಷನ್ನು, ಒಂದರ ಕೀಬೋರ್ಡಿನಲ್ಲಿ ಸ್ಪೇಸ್ ಒತ್ತಿದರೆ ಮೇಲೆ ಬರುವುದಿಲ್ಲ, ಉಗುರಿನಿಂದ ಎತ್ತಬೇಕು. ಮಾಲೀಕ ನೀಲಕಂಠಸ್ವಾಮಿಯವರಿಗೆ ಹೇಳಿದರೆ ‘ಕಲಿಯೋ ಮನಸ್ಸಿದ್ರೆ ಸಾಕು ಕಣಮ್ಮ’ ಅನ್ನುತ್ತಾರೆ. ನಿನ್ನ ಪುಟ ಹೇಗೆ ಕಾಣುತ್ತದೋ ನಾನಿನ್ನೂ ನೋಡಿಲ್ಲ. ಗುಂಡ್ಲುಪೇಟೆಯಲ್ಲಿ ಇಂಟರ್‌ನೆಟ್ ಅಂದರೆ ಪೇಪರಿನಲ್ಲಿ ಬರುವ ಸುದ್ದಿ, ಅಷ್ಟೆ.

ಪಾಠವನ್ನು ಮೊದಲು ನನ್ನ ಬ್ಯಾಚಿಗೇ ಓದಿ ಹೇಳಿದೆ. ಪುಸ್ತಕದಲ್ಲಿದ್ದಂತೆ ಹೇಳಿದಾಗ ಒಬ್ಬರಿಗೂ ಹತ್ತಲಿಲ್ಲ. ಚೆಂಡು ಹೂವಿನ ಲೋಡು ಕಳಿಸುವ ಪುಟ್ಟಮಾದು ಅಂತ ಒಬ್ಬರು ಬರುತ್ತಾರೆ, ಮಕ್ಕಳಿರುವವರು. ಅವರು ಎದ್ದು ನಿಂತು, ‘ಮೇಡಂ, ಇದು ಸುತ್ತತಾನೇ ಇದ್ರೆ ನಿಲ್ಲಾದು ಯಾವಾಗ? ನಮ್ಮ ಮದ್ದೂರು ಚೆಕ್‌ಪೋಸ್ಟ್‌ನಾಗೆ ಲಾರಿ ಇರೋಗಂಟ ಗಾರ್ಡು ಗೇಟ್ ಎತ್ತತಾನೆ, ಇಳಿಸ್ತಾನೆ. ಲಾರಿ ಮುಗುದ್ರೆ ಟೀ ಕುಡ್ಯಕ್ಕೆ ಓಯ್ತಾನೆ. ಅಂಗಾ?’ ಅಂದರು. ಅಂಗೇ, ಅಂದೆ. ನಮ್ಮ ಗುಂಡ್ಲುಪೇಟೆಯಾಚೆ ಕಾಡಿನಂಚಿನ ಆ ಮದ್ದೂರಿನಲ್ಲಿ ಕೇರಳಕ್ಕೆ ಹೋಗುವ ಲಾರಿ ಸಾಲಿನ ಮೇಲೆ ಇಡೀ ಪಾಠ ಕಟ್ಟಿದೆ. ಸಾಲಿನಲ್ಲಿ ಲಾರಿ ಇದೆಯಾ? ಇದ್ದರೆ ಗೇಟ್ ಎತ್ತು. ಮತ್ತೆ ನೋಡು. ಗಾರ್ಡು ಸಾಲನ್ನು ನೋಡುವುದನ್ನೇ ಮರೆತರೆ ಏನಾಗುತ್ತದೆ ಅಂತಲೂ ಬರೆದಿದ್ದೇನೆ, ಏಕೆಂದರೆ ನಾನು ಪರೀಕ್ಷೆಯಲ್ಲಿ ಕೆಟ್ಟದ್ದು ಅಲ್ಲೇ.

ಓದಿದವರು ಏನಂದರು ಅಂತ ತಪ್ಪದೆ ಬರಿ. ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ.

ನಿನ್ನ
ನೀಲಾವತಿ


ಚಾಮರಾಜನಗರ
23 ಆಗಸ್ಟ್ 1998

ಪ್ರೀತಿಯ ನೀಲಾ,

ತಡವಾಯಿತು. ಜಿಲ್ಲೆಯಾದ ಮೇಲೆ ಇಲ್ಲಿ ಎಲ್ಲರಿಗೂ ಕಂಪ್ಯೂಟರ್ ಕಲಿಯುವ ಅವಸರ. ಹೊಸ ಆಫೀಸು, ಹೊಸ ಕೆಲಸ ಅಂತ ಬೆಳಿಗ್ಗೆಯಿಂದ ಬಾಗಿಲಲ್ಲಿ ನಿಂತಿರುತ್ತಾರೆ.

ನಿನ್ನ ಪಾಠ ಏರಿಸಿದೆ. ಓದಿದವರು ಅಭಿಪ್ರಾಯ ಬರೆಯಲಿ ಅಂತ ಪುಟದಲ್ಲೇ ಇಟ್ಟಿರುವ ಓದುಗರ ಪುಸ್ತಕದಲ್ಲಿ ಕೆಲವರು ಬರೆದಿದ್ದಾರೆ. ಪರವಾಗಿಲ್ಲ ಅಂದಿದ್ದಾರೆ. ನಮ್ಮ ಯಜಮಾನರು ಸೋಮೇಶ್ ಕೂಡ ಓದಿದರು. ‘ಇದು’ ಮತ್ತು ‘ಅದು’ ಯಾವುದು ಅಂತ ಸ್ಪಷ್ಟವಾಗಿಲ್ಲ ಎಂದು ಮಂಡ್ಯದವರೊಬ್ಬರ ದೂರು. ಅದಕ್ಕೆ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಹೊರದೇಶದ ಕನ್ನಡಿಗರಿಗೆ ಮದ್ದೂರು ಅಂದರೆ ವಡೆ ನೆನಪಾಗುತ್ತದೆಯೇ ಹೊರತು ಚೆಕ್‌ಪೋಸ್ಟಲ್ಲ. ಪಾಠವನ್ನು ಉತ್ತಮಪಡಿಸುವುದು ಇಬ್ಬರ ಜವಾಬ್ದಾರಿ ತಾನೆ.

‘ಹೀಗಿದ್ದರೆ ಹಾಗೆ ಮಾಡು’ ಎಂಬ ನನ್ನ ಷರತ್ತಿನ ಪಾಠಕ್ಕೆ ಒಳ್ಳೆಯ ಪ್ರತಿಕ್ರಿಯೆ ಇದೆ. ನಿನ್ನ ಅಮ್ಮನ ಮಂಡಿ ನೋವು ಹೇಗಿದೆ?

ಗೌರಿ


ಗುಂಡ್ಲುಪೇಟೆ
16 ನವೆಂಬರ್ 1998

ಗೌರಿ,

ಪ್ರಿಂಟರ್ ರಿಬ್ಬನ್ ತರಲು ಮೈಸೂರಿಗೆ ಹೋಗಿದ್ದೆ. ಬಸ್ಸಿಗೆ ಸಮಯವಿತ್ತು. ಇಂಟರ್‌ನೆಟ್ ಅಂತ ಬೋರ್ಡು ಹಾಕಿದ್ದ ಅಂಗಡಿಯಲ್ಲಿ ಕೂತು, ಮೊದಲ ಸಲ ನಮ್ಮ ಪುಟ ನೋಡಿದೆ. ನನ್ನ ಹೆಸರನ್ನು ಅಲ್ಲಿ ಕಂಡಾಗ, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ತೋರಿಸಬೇಕು ಅನ್ನಿಸಿತು. ಆಮೇಲೆ ಓದಿದೆ.

ಅಲ್ಲಿ ಲಾರಿ ಇಲ್ಲ. ಗೇಟಿಲ್ಲ. ಗಾರ್ಡಿಲ್ಲ. ‘ಎಕ್ಸ್ ಎಂಬುದು ಸೊನ್ನೆಗಿಂತ ಹೆಚ್ಚಿರುವವರೆಗೆ’ ಎಂದು ಶುರುವಾಗುತ್ತದೆ. ಅದು ನಾವಿಬ್ಬರೂ ಬೆರಳಿಟ್ಟು ಕೂರುತ್ತಿದ್ದ ಪುಸ್ತಕದ ಸಾಲು, ಕನ್ನಡಕ್ಕೆ ಇಳಿಸಿದ್ದೀಯ ಅಷ್ಟೆ. ನೋಡುವುದನ್ನು ಮರೆತ ಗಾರ್ಡಿನ ಭಾಗವಂತೂ ಪೂರ್ತಿ ಹೋಗಿದೆ. ಕೆಳಗೆ ಮಾತ್ರ ‘ಬರೆದವರು: ನೀಲಾವತಿ, ಗುಂಡ್ಲುಪೇಟೆ.’

ಓದುಗರ ಪುಸ್ತಕವನ್ನೂ ನೋಡಿದೆ. ನೀನು ಹೇಳಿದ ಹಾಗೆ ‘ಪರವಾಗಿಲ್ಲ’ ಅಂತ ಒಬ್ಬರೂ ಬರೆದಿಲ್ಲ. ಮೊದಲ ವಾರ ಓದಿದವರೆಲ್ಲ ಲಾರಿಯ ಮಾತೇ ಆಡಿದ್ದಾರೆ. ಹುಬ್ಬಳ್ಳಿಯ ಒಬ್ಬ ಮೇಷ್ಟ್ರು ‘ಇಷ್ಟು ದಿನಕ್ಕೆ ಅರ್ಥವಾಯಿತು’ ಎಂದು ಬರೆದಿದ್ದಾರೆ. ಆಮೇಲೆ ಬಂದವರು ‘ಆ ಚೆಕ್‌ಪೋಸ್ಟ್ ಪಾಠ ಎಲ್ಲಿ ಹೋಯಿತು?’ ಅಂತ ಕೇಳಿದ್ದಾರೆ. ಯಾರಿಗೂ ಉತ್ತರವಿಲ್ಲ.

ನನ್ನ ಪಾಠ ಸರಿಯಿಲ್ಲದಿದ್ದರೆ ವಾಪಸು ಕಳಿಸಬೇಕಿತ್ತು. ನನ್ನ ಮಾತು ತೆಗೆದು ನನ್ನ ಹೆಸರು ಯಾಕೆ ಉಳಿಸಿದೆ?

ಫಾಂಟು ಚೆನ್ನಾಗಿದೆ. ಉಳಿದಂತೆ ಹೇಳುವುದೇನಿಲ್ಲ.

ನೀಲಾವತಿ


ಚಾಮರಾಜನಗರ
24 ನವೆಂಬರ್ 1998

ನೀಲಾ,

ನಿನ್ನ ಕಾಗದ ಓದಿದೆ. ಯಾರಿಗೆ ಈ ಧಾಟಿಯಲ್ಲಿ ಬರೆಯುತ್ತಿದ್ದೀಯ?

ಸರಿಯಾದದ್ದು ಸರಿ. ಲಾರಿ ಬೇರೆ, ಲೂಪ್ ಬೇರೆ. ಇವತ್ತು ಕತೆ ಹೇಳಿ ನಗಿಸಿದರೆ ನಾಳೆ ನಿಜವಾದ ಪುಸ್ತಕ ತೆರೆದಾಗ ಅವರಿಗೆ ಕಣ್ಣು ಕತ್ತಲೆ ಬರುತ್ತದೆ. ನಾನು ಕಷ್ಟಪಟ್ಟು ಒಂದೊಂದು ಶಬ್ದ ತೂಗಿ ಬರೆದ ಪಾಠಗಳಿವೆ. ಅವುಗಳ ಕೆಳಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಷರತ್ತಿನ ಪಾಠಕ್ಕೆ ಪ್ರತಿಕ್ರಿಯೆ ಇದೆ ಅಂತ ಬರೆದೆನಲ್ಲ, ಅದು ಸುಳ್ಳು. ಸಾಕಾ?

ಇನ್ನೂ ಕೇಳು. ಮದುವೆಯಾದಾಗಿನಿಂದ ಸೋಮೇಶ್‌ಗೆ ನಾನು ಏನು ಕೆಲಸ ಮಾಡುತ್ತೇನೆ ಅಂತ ಹೇಳಿ ಹೇಳಿ ಸಾಕಾಗಿತ್ತು. ಆಕಳಿಸುತ್ತಿದ್ದರು. ನಿನ್ನ ಪಾಠ ಏರಿಸುವ ದಿನ ನನ್ನ ಹಿಂದೆ ನಿಂತು ಓದಿ, ‘ಓ, ಇಷ್ಟೇನಾ! ನೋಡು ಗೌರಿ, ಹೇಳಿದ್ರೆ ಇಂಗೆ ಹೇಳ್ಬೇಕು’ ಅಂದರು. ಊಟಕ್ಕೆ ಕೂತಾಗ ಮಾವನವರಿಗೂ ಲಾರಿ ಕತೆ ಹೇಳಿದರು. ಅವರೂ ನಕ್ಕರು. ಬಡಿಸುತ್ತಿದ್ದವಳು ನಾನು.

ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ನನ್ನ ಲ್ಯಾಬ್ ರೆಕಾರ್ಡ್ ನೋಡಿ ಬರೆದವಳು ನೀನು. ಅದನ್ನು ಒಂದು ದಿನವೂ ಎತ್ತಿ ಆಡಿರಲಿಲ್ಲ, ಇವತ್ತು ಆಡಿದೆ. ನನ್ನ ಫೋನು, ನನ್ನ ಪುಟ. ಬೇಕಾದರೆ ನಿನ್ನ ಹೆಸರು ತೆಗೆಯುತ್ತೇನೆ.

ಗೌರಿ


ಗುಂಡ್ಲುಪೇಟೆ
8 ಮಾರ್ಚ್ 1999

ಮಂಗಳಗೌರಿಯವರಿಗೆ,

ಬರೆಯಬಾರದು ಎಂದುಕೊಂಡಿದ್ದೆ. ಬರೆಯಲೇಬೇಕಾಗಿದೆ.

ಹರದನಹಳ್ಳಿಯಲ್ಲಿ ನನ್ನ ಚಿಕ್ಕಮ್ಮ ರಾಚಮ್ಮ ಇದ್ದಾರೆ. ಅವರ ಮಗಳು ಭಾನು. ಪಿಯುಸಿ ಮುಗಿಸಿ, ಚಾಮರಾಜನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಳು. ನನಗೆ ಹೇಳಿರಲಿಲ್ಲ. ಕೆಲಸ ಸಿಕ್ಕಿದ ಮೇಲೆ ಬಂದು ಬೆರಗುಗೊಳಿಸಬೇಕು ಅಂತ. ಅಲ್ಲಿ ಪಾಠ ಹೇಳುವವರು ಸರಿಯಾಗಿರಲಿಲ್ಲ. ಆದರೆ ಯಾರೋ ನಿಮ್ಮ ಪುಟವನ್ನು ಪ್ರಿಂಟ್ ಹಾಕಿ ಇಟ್ಟಿದ್ದರಂತೆ. ಅದನ್ನು ಓದಿಯೇ ಇವಳು ಕಲಿತದ್ದು.

ಹೋದ ವಾರ ಒಂದು ಖಾಸಗಿ ಬಸ್ ಕಂಪನಿಯವರು ಆಪರೇಟರ್ ಕೆಲಸಕ್ಕೆ ಪರೀಕ್ಷೆ ಇಟ್ಟಿದ್ದರು. ಪ್ರಯಾಣಿಕರ ಬಗೆ ತಿಳಿಸುವ ಸಂಖ್ಯೆ 1 ಆಗಿದ್ದರೆ ಅವರಿಗೆ ಪಾಸ್ ಇದೆ, ಟಿಕೆಟ್ ಬೇಡ. ಇಲ್ಲದಿದ್ದರೆ ದುಡ್ಡು ಕೇಳು. ಇಷ್ಟೇ ಪ್ರೋಗ್ರಾಂ. ಭಾನು ಎಲ್ಲರಿಗಿಂತ ಮೊದಲು ಬರೆದು ಮುಗಿಸಿದಳಂತೆ. ಅವರು ಒಂದು ಒತ್ತಿದರು, ಟಿಕೆಟ್ ಬೇಡ ಅಂತು. ಎರಡು ಒತ್ತಿದರು, ಬೇಡ ಅಂತು. ಏನು ಒತ್ತಿದರೂ ಬೇಡ. ಮಾಲೀಕರು ಎಲ್ಲರೆದುರು, ‘ಈ ಮಗೀನ ಕೂರಿಸ್ಕಂಡ್ರೆ ನಾನು ಬಸ್ಸು ಮಾರ್ಕಂಡು ಓಗದೇಯ’ ಅಂದು ನಕ್ಕರಂತೆ. ಕೆಲಸ ಇನ್ನೊಬ್ಬರಿಗೆ ಹೋಯಿತು.

ಅಲ್ಲಿಂದ ಊರಿಗೆ ಹೋಗದೆ ನೇರವಾಗಿ ನನ್ನ ಹತ್ತಿರ ಬಂದಳು. ಕಾಗದದ ಮೇಲೆ ಬರೆದು ತೋರಿಸು ಅಂದೆ. ಎರಡು ಸಮ ಚಿಹ್ನೆ (==) ಇರಬೇಕಾದ ಕಡೆ ಒಂದೇ ಹಾಕಿದ್ದಳು. ಎರಡು ಹಾಕಿದರೆ ‘ಈ ಸಂಖ್ಯೆ 1 ಹೌದೇ?’ ಎಂದು ಕೇಳಿದಂತೆ. ಒಂದೇ ಹಾಕಿದರೆ ‘ಈ ಸಂಖ್ಯೆಯನ್ನು 1 ಮಾಡು’ ಎಂದು ಅಪ್ಪಣೆ ಕೊಟ್ಟಂತೆ. ಕಂಪ್ಯೂಟರ್ ಎಲ್ಲರನ್ನೂ ಪಾಸಿನವರನ್ನಾಗಿ ಮಾಡಿಬಿಟ್ಟಿತ್ತು.

‘ಮಿಷನ್ನು ಎಚ್ಚರಿಕೆ ಕೊಡಲಿಲ್ವಾ?’ ಅಂದೆ.

‘ಕೊಟ್ತು ಕಣಕ್ಕ. ಆದ್ರೆ ಪಾಠದಲ್ಲಿ ಇಂಗೇ ಇತ್ತಲ್ಲಾ, ಮಿಷನ್ಗೇನು ಗೊತ್ತು ಅಂತ ಬುಟ್ಬುಟ್ಟೆ. ಅದ್ರಲ್ಲಿ ನಿನ್ನೆಸ್ರು ಇತ್ತು. ನಿನ್ನೆಸ್ರು ಇರೋ ಪುಟ್ದಲ್ಲಿ ತಪ್ಪಿರ್ತದಾ?’

ನಿಮ್ಮ ಷರತ್ತಿನ ಪಾಠ ತೆಗೆದು ನೋಡಿ. ಶಬ್ದ ತೂಗಿ ಬರೆಯುವವರ ಕೈಯಲ್ಲಿ ಹೀಗಾಯಿತು ಅಂತ ತಿಳಿಸಲಿಕ್ಕೆ ಬರೆದೆ.

ನೀಲಾವತಿ


ಚಾಮರಾಜನಗರ
15 ಮಾರ್ಚ್ 1999

ನೀಲಾ,

ನೋಡಿದೆ. ಒಂದೇ ಇದೆ. ಫಾಂಟು ಬದಲಾಯಿಸುವಾಗ ಇನ್ನೊಂದು ಬಿದ್ದುಹೋಗಿದೆ. ಆ ಪಾಠದಲ್ಲಿ ಆ ಸಾಲು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಅದನ್ನೇ ನಕಲು ಮಾಡಿದ್ದೇನೆ. ತಿದ್ದಿದೆ. ಆದರೆ ಪ್ರಿಂಟಾಗಿ ಹೋದದ್ದನ್ನು ಎಲ್ಲಿಂದ ಹುಡುಕಿ ತಿದ್ದಲಿ?

ಮಾರನೇ ದಿನವೇ ಬಸ್ಸು ಹತ್ತಿ ಹರದನಹಳ್ಳಿಗೆ ಹೋದೆ. ನಿನ್ನ ಚಿಕ್ಕಮ್ಮ ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ನಾನು ಯಾರು ಅಂತ ಹೇಳಿದೆ. ಭಾನು ಒಳಗಿದ್ದಳು, ಹೊರಗೆ ಬರಲಿಲ್ಲ. ರಾಚಮ್ಮನವರು ಬೈಯುತ್ತಾರೆ ಅಂದುಕೊಂಡಿದ್ದೆ. ‘ತಪ್ಪು ಯಾರ್ದಾರ ಆಗ್ಲಿ ಕಣವ್ವ. ವಾರದಿಂದ ಇವ್ಳು ತಲೆ ಬಾಚಿಲ್ಲ. ಕಂಪೂಟ್ರು ನನ್ನಂತೋಳ್ಗಲ್ಲ ಅಂತವ್ಳೆ. ಅದುನ್ನ ತಿದ್ದಾಕಾಯ್ತದಾ ನಿಂಗೆ?’ ಅಂದರು. ಒಳಗಿನಿಂದ ಭಾನು, ‘ಅವ್ವ, ಅವರ್ನ ಓಗಕ್ಕೇಳು’ ಅಂದಳು. ಬಂದೆ.

ಬಸ್ಸಿನಲ್ಲಿ ಕೂತಾಗ ಒಂದು ಯೋಚನೆ ಹೊಕ್ಕಿತು. ಕೇಳದೆ ಇರಲಾರೆ. ನವೆಂಬರಿನಲ್ಲಿ ನೀನು ಮೈಸೂರಿನಲ್ಲಿ ಆ ಪುಟವನ್ನು ಪೂರ್ತಿ ಓದಿದೆ. ನನ್ನ ಷರತ್ತಿನ ಪಾಠ ನಿನ್ನ ಪಾಠದ ಮೇಲ್ಗಡೆಯೇ ಇದೆ. ಲ್ಯಾಬಿನ ಆ ತುದಿಯಿಂದಲೇ ನನ್ನ ಪ್ರೋಗ್ರಾಮಿನಲ್ಲಿ ಬಿಟ್ಟುಹೋದ ಚುಕ್ಕೆ ಕಾಣುತ್ತಿತ್ತು ನಿನಗೆ.

ಅವತ್ತು ಅದು ನಿನ್ನ ಕಣ್ಣಿಗೆ ಬಿದ್ದಿತ್ತಾ?

ಗೌರಿ


ಗುಂಡ್ಲುಪೇಟೆ
19 ಮಾರ್ಚ್ 1999

ಗೌರಿ,

ಬಿದ್ದಿತ್ತು.

ನೋಡಿದ ತಕ್ಷಣ ಖುಷಿಯಾಯಿತು. ಕಾಗದದಲ್ಲಿ ಬರೆಯಲೂ ಹೊರಟಿದ್ದೆ. ಆಮೇಲೆ, ಇರಲಿ, ಯಾರಾದರೂ ಎಲ್ಲರಿಗೂ ಕಾಣುವಂತೆ ಓದುಗರ ಪುಸ್ತಕದಲ್ಲೇ ಬರೆಯಲಿ, ಇಡೀ ಕ್ಲಾಸಿಗೇ ಫಸ್ಟ್ ಬಂದ ನಿನ್ನ ಮರ್ಯಾದೆ ಅಲ್ಲೇ ಹೋಗಲಿ ಎಂದು ಬಿಟ್ಟೆ. ದಿನಾ ಅದನ್ನು ನೆನೆಸಿಕೊಂಡು ಸಮಾಧಾನ ಪಡುತ್ತಿದ್ದೆ. ಯಾರೂ ಬರೆಯಲಿಲ್ಲ. ಭಾನು ಬಂದಳು.

ಹೋದ ಕಾಗದದಲ್ಲಿ ನಿನ್ನೊಬ್ಬಳನ್ನೇ ಅಪರಾಧಿ ಮಾಡಿ ಬರೆದೆ. ಅವಳ ಮುಖ ನೋಡಿದ ಮೇಲೂ ಹಾಗೆ ಬರೆದೆ.

ನೀಲಾ


ಚಾಮರಾಜನಗರ
11 ಏಪ್ರಿಲ್ 1999

ನೀಲಾ,

ನಿನ್ನ ಕಾಗದಕ್ಕೆ ಸಿಟ್ಟಿನಲ್ಲಿ ಮೂರು ಉತ್ತರ ಬರೆದು ಹರಿದೆ. ಬರೆಯುತ್ತಾ ಹೋದರೆ ಪ್ರತಿಯೊಂದೂ ನನಗೇ ಬಂದು ತಾಗುತ್ತಿತ್ತು. ಇನ್ನು ಆ ಮಾತು ಬೇಡ. ಮಾಡಿದ ಕೆಲಸ ಹೇಳುತ್ತೇನೆ.

ಪುಟದ ತಲೆಯ ಮೇಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ: ‘ಷರತ್ತಿನ ಪಾಠದಲ್ಲಿ ಇಷ್ಟು ದಿನ ತಪ್ಪಿತ್ತು. ತಪ್ಪು ಮಂಗಳಗೌರಿಯದು. ಪ್ರಿಂಟ್ ತೆಗೆದುಕೊಂಡವರು ದಯವಿಟ್ಟು ತಿದ್ದಿಕೊಳ್ಳಿ.’ ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿಗೆಲ್ಲ ನಡೆದು ಹೋಗಿ, ಅವರಲ್ಲಿದ್ದ ಪ್ರತಿಗಳ ಮೇಲೆ ಪೆನ್ನಿನಿಂದ ತಿದ್ದಿ ಬಂದೆ. ಒಂದು ಕಡೆ ‘ಮೇಡಂ, ನೀವೂ ತಪ್ಪು ಮಾಡ್ತೀರಾ?’ ಅಂತ ಬಹಳ ಸಂತೋಷದಿಂದ ಕೇಳಿದರು.

ನಿನ್ನ ಪಾಠ ನೀನು ಕಳಿಸಿದಂತೆಯೇ ಮತ್ತೆ ಏರಿಸಿದೆ. ಒಂದಕ್ಷರ ಮುಟ್ಟಿಲ್ಲ. ಮುಟ್ಟಬೇಕು ಅನ್ನಿಸಿತು, ಸುಳ್ಳು ಯಾಕೆ.

ಭಾನುವಿನ ಹತ್ತಿರ ಮತ್ತೆ ಹೋಗಿದ್ದೆ. ಎರಡು ಸಲ ಒಳಗಿನಿಂದಲೇ ಕಳಿಸಿದಳು. ಮೂರನೆಯ ಸಲ ನಾನು ಜಗಲಿಯಲ್ಲೇ ಕೂತು ಹೊಸದಾಗಿ ಬರೆದ ಪಾಠವನ್ನು ಗಟ್ಟಿಯಾಗಿ ಓದತೊಡಗಿದೆ. ಒಂದು ಸಾಲಿಗೆ ಬಂದಾಗ ಒಳಗಿನಿಂದ, ‘ಅದು ತಿಳಿಯಾಕಿಲ್ಲ’ ಅಂದಳು. ‘ಯಾಕೆ ತಿಳಿಯಲ್ಲ?’ ಅಂದೆ. ಹೊರಗೆ ಬಂದು ತೋರಿಸಿದಳು. ಇನ್ನು ಮೇಲೆ ಯಾವ ಪಾಠವೂ ಭಾನು ಓದಿ, ಮಿಷನ್ನಿನಲ್ಲಿ ಒತ್ತಿ ನೋಡದೆ ಏರುವುದಿಲ್ಲ. ಇದು ಅವಳ ಮೇಲಿನ ಕನಿಕರವಲ್ಲ. ಹೊಸಬರ ಕಣ್ಣು ನಮ್ಮಿಬ್ಬರಿಗೂ ಈಗ ಇಲ್ಲ. ಅವಳು ಒಪ್ಪಿದ್ದಾಳೆ. ‘ನನ್ನೆಸ್ರೂ ಆಕ್ಬೇಕು. ದೊಡ್ಡದಾಗಿ’ ಎಂದು ಷರತ್ತು.

ನಿನ್ನ ಮುಂದಿನ ಪಾಠ ಯಾವಾಗ?

ಗೌರಿ


ಗುಂಡ್ಲುಪೇಟೆ
30 ಮೇ 1999

ಗೌರಿ,

ಪಾಠ ಕಳಿಸಿದ್ದೇನೆ. ಭಾನು ಅದನ್ನು ಎರಡು ಸಲ ವಾಪಸು ಕಳಿಸಿದಳು. ‘ಅಕ್ಕ, ನೀನು ಕತೆ ಏಳಕ್ಕೋಗಿ ವಿಷಯ ಮರ್ತ್ಬುಟ್ಟಿದ್ದೀಯ’ ಅಂತ ಬರೆದಿದ್ದಳು. ಅದನ್ನು ಓದುವಾಗ ನಿನ್ನದೇ ದನಿ ಕೇಳಿದಂತಾಯಿತು. ಆಗ ನೀನು ಹೇಳಿದ್ದರಲ್ಲಿ ಸ್ವಲ್ಪ ನಿಜವಿತ್ತು. ಸ್ವಲ್ಪ.

ರೆಕಾರ್ಡ್ ನೋಡಿ ಬರೆದದ್ದು ನಿಜ. ಆದರೆ ನಿನ್ನ ಅಕ್ಷರ ನೋಡಿಯೇ ನಾನು ಅಕ್ಷರ ತಿದ್ದಿಕೊಂಡದ್ದು ಕಣೇ. ಅದನ್ನು ಅವತ್ತೇ ಹೇಳಬೇಕಿತ್ತು.

ನೀಲಾ


ಚಾಮರಾಜನಗರ
22 ಆಗಸ್ಟ್ 1999

ನೀಲಾ,

ಸುದ್ದಿ ಕೇಳಿದೆಯಾ? ಭಾನುವಿಗೆ ಒಂದು ರೇಷ್ಮೆ ವ್ಯಾಪಾರದ ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ಕೆಲಸ ಮುಗಿಸಿ ಸಂಜೆ ನನ್ನ ಸೆಂಟರಿಗೇ ಬಂದು ಪಾಠಗಳನ್ನು ನೋಡುತ್ತಾಳೆ. ಮಾವನವರು ಅವಳು ಬಂದರೆ ಫೋನ್ ಮುಟ್ಟುವುದಿಲ್ಲ. ‘ಭಾನಮ್ಮ ಕೂತವ್ಳೆ’ ಅಂತ ಮನೆಯವರಿಗೆಲ್ಲ ಹೇಳುತ್ತಾರೆ. ನನಗೆ ಎಂದೂ ಈ ಮರ್ಯಾದೆ ಸಿಕ್ಕಿರಲಿಲ್ಲ.

ಈಗ ಅವಳೇ ಒಂದು ಪಾಠ ಬರೆದಿದ್ದಾಳೆ. ‘ನಾನು ಮಾಡಿದ ತಪ್ಪುಗಳು’ ಅಂತ ಹೆಸರು. ಬಸ್ ಕಂಪನಿಯ ಕತೆಯಿಂದ ಶುರು. ಮಿಷನ್ನು ಕೊಡುವ ಒಂದೊಂದು ಎಚ್ಚರಿಕೆಗೂ ಏನರ್ಥ, ನೋಡಿದಾಗ ಏನು ಮಾಡಬೇಕು ಅಂತ ಎಲ್ಲ ಬರೆದಿದ್ದಾಳೆ. ಏರಿಸಿದ ದಿನದಿಂದ ಓದುಗರ ಪುಸ್ತಕದಲ್ಲಿ ಬೇರೆ ಮಾತೇ ಇಲ್ಲ. ನಿನ್ನ ಲಾರಿಯನ್ನು ಯಾರೂ ಕೇಳುತ್ತಿಲ್ಲ. ನನ್ನನ್ನಂತೂ ಮೊದಲೂ ಕೇಳುತ್ತಿರಲಿಲ್ಲ. ನಿನ್ನ ಹುಬ್ಬಳ್ಳಿ ಮೇಷ್ಟ್ರು ಕೂಡ ‘ಈ ಪುಟದಲ್ಲೇ ಅತ್ಯುತ್ತಮ ಪಾಠ’ ಎಂದು ಬರೆದುಬಿಟ್ಟಿದ್ದಾರೆ.

ನಿಜ ಹೇಳು. ನಿನಗೆ ಏನನ್ನಿಸುತ್ತದೆ? ನನಗೆ ಸಂತೋಷವಾಗಿದೆ. ಸಂತೋಷದ ಜೊತೆಗೇ ಎದೆಯಲ್ಲಿ ಒಂದು ಮೆಣಸಿನಕಾಯಿ ಇಟ್ಟ ಹಾಗಿದೆ.

ಗೌರಿ


ಗುಂಡ್ಲುಪೇಟೆ
29 ಆಗಸ್ಟ್ 1999

ಪ್ರೀತಿಯ ಗೌರಿ,

ಭಾನುವೇ ಆ ಪಾಠದ ಪ್ರಿಂಟು ಕಳಿಸಿದ್ದಳು. ಅದು ಕೈಗೆ ಬಂದಾಗ ಕ್ಲಾಸು ನಡೆಯುತ್ತಿತ್ತು. ಬ್ಯಾಚಿಗೆ ಲೆಕ್ಕ ಕೊಟ್ಟು, ಕಿಟಕಿಯ ಹತ್ತಿರ ನಿಂತು ಓದಿದೆ. ಚೆನ್ನಾಗಿದೆ ಕಣೇ. ನಾವಿಬ್ಬರೂ ಸೇರಿದರೂ ಹಾಗೆ ಬರೆಯಲಾರೆವು. ಓದುತ್ತಾ ಓದುತ್ತಾ ನನ್ನ ಕಣ್ಣು ಏನು ಹುಡುಕುತ್ತಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ.

ಕೊನೆಯ ಪುಟದಲ್ಲಿ ಸಿಕ್ಕಿತು. ಪ್ರೋಗ್ರಾಮಿನ ಸಾಲಿನಲ್ಲಿ ಒಂದು ಆವರಣ, ಅಂದರೆ ಬ್ರಾಕೆಟ್ಟು, ಮುಚ್ಚಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಊಟಿ ರಸ್ತೆಯ ಎಸ್‌ಟಿಡಿ ಬೂತಿಗೆ ಹೋಗಿ ಅವಳ ಕಚೇರಿಗೆ ಫೋನ್ ಮಾಡಿದೆ.

‘ಭಾನು, ಕೊನೇ ಪುಟದಲ್ಲಿ ಒಂದು ಆವರಣ ಬಿಟ್ಟೋಗಿದೆ ಕಣಮ್ಮಿ, ಈಗ್ಲೇ ತಿದ್ದು’ ಅಂದೆ.

‘ಅಯ್ಯೋ ಅಕ್ಕ, ಅದಾ? ಅದ್ನ ಪ್ರಿಂಟ್ ಆಕಿದ್ ದಿನಾನೇ ನೋಡ್ಬುಟ್ಟು ತಿದ್ದಾಯ್ತು. ಗೌರಕ್ಕನೂ ಅವತ್ತೇ ಇಲ್ಲಿಗೆ ಓಡ್ಬಂದು ಅದ್ನೇ ಏಳ್ಬುಟ್ಟು ಒಂಟೋದ್ರು’ ಅಂದಳು.

ಇದನ್ನು ನಿನ್ನ ಕಾಗದದಲ್ಲಿ ನೀನು ಬರೆದಿಲ್ಲ.

ನಿನ್ನ
ನೀಲಾ